ಮೂರನೇ ಮಹಡಿಯ ಎಂಟು ಕುರ್ಚಿಗಳು

ಜೆಡ್ಡಾ
ನವೆಂಬರ್ 9, ಭಾನುವಾರ

ನನ್ನ ಶುರೂಖ್ ಅಕ್ಕಾ,

ಹೇಗಿದ್ದೀಯ? ಸೊಂಟನೋವು ಕಡಿಮೆ ಆಯ್ತಾ? ಅಬ್ಹಾದ ಚಳೀಲಿ ಬರಿಗಾಲಲ್ಲಿ ಓಡಾಡಬೇಡ ಮಾರಾಯ್ತಿ. ನಿನ್ನ ಮಗಳು ಲತೀನ್‌ಗೆ ಹಲ್ಲು ಬಂತಂತೆ, ಅಮ್ಮ ಓಣಿಗೆಲ್ಲಾ ಸಾರಿದ್ದಾಳೆ. ಫೋನ್ ಬಿಟ್ಟು ಕಾಗದ ಯಾಕೆ ಅಂತ ನಗಬೇಡ. ನನ್ನ ಫೋನು ಕಂಪನಿಯದು, ಯಾರು ಓದ್ತಾರೋ ಏನೋ. ನಾಳೆ ನಿಮ್ಮೂರಿಗೆ ಹೊರಟಿರೋ ಚಿಕ್ಕಪ್ಪನ ಕೈಲಿ ಇದನ್ನ ಕಳಿಸ್ತಿದ್ದೀನಿ.

ನನ್ನ ಕೆಲಸ ಗೊತ್ತಲ್ಲ, ಸಾಫ್ಟ್‌ವೇರ್ ಕಂಪನಿಯಲ್ಲಿ ತಲೆ ಎಣಿಸೋದು. ಯಾವ ಮಹಡಿಯಲ್ಲಿ ಎಷ್ಟು ಜನ, ನಮ್ಮ ದೇಶದವರೆಷ್ಟು, ಹೊರಗಿನವರೆಷ್ಟು, ಹೆಂಗಸರೆಷ್ಟು. ಸರ್ಕಾರ ಹೇಳಿದ್ದಕ್ಕಿಂತ ನಮ್ಮವರು ಕಡಿಮೆ ಬಿದ್ದರೆ ಹೊರಗಿನ ಎಂಜಿನಿಯರುಗಳ ವೀಸಾ ನಿಂತುಹೋಗುತ್ತೆ. ರಂಜಾನ್ ಮುಗಿದ ಮೇಲೆ ನೋಡಿದರೆ ಎಂಟು ಜನ ಕಡಿಮೆ! ಮ್ಯಾನೇಜರ್ ತಲಾಲ್ ಒಬ್ಬೊಬ್ಬರ ಮೇಜಿಗೂ ಬಂದು, "ನಿಮ್ಮನೇಲಿ ಅಕ್ಕತಂಗೀರು ಇಲ್ವೇನ್ರಮ್ಮಾ? ಬರೀ ಹೆಸರು ಕೊಡಿ, ಅವರೇನು ಬಂದು ಕೂರಬೇಕಾಗಿಲ್ಲ" ಅಂದ. ಈಜಿಪ್ಟಿನ ಎಂಜಿನಿಯರ್ ಶಹಾತಾ ಮಾಮನ ಮುಖ ನೋಡೋಕಾಗಲಿಲ್ಲ, ಮೂರು ಮಕ್ಕಳನ್ನ ಇಲ್ಲೇ ಶಾಲೆಗೆ ಹಾಕಿದ್ದಾರೆ. ಎಲ್ಲರೂ ಹೆಸರು ಕೊಟ್ಟರು. ಪಟ್ಟಿ ಮಾಡಿ ಸಹಿ ಹಾಕಿದವಳು ನಾನು.

ಈಗ ಮೂರನೇ ಮಹಡಿಯಲ್ಲಿ ದಾಖಲೆ ಪ್ರಕಾರ ಹದಿನಾಲ್ಕು ಹೆಂಗಸರು, ನಿಜಕ್ಕೂ ಇರೋದು ಆರು. ಮಂಗಳವಾರ ಸರ್ಕಾರದ ತಪಾಸಣೆ. ಅಧಿಕಾರಿ ಒಂದೊಂದೇ ಹೆಸರು ಹಿಡಿದು ಕೂಗ್ತಾರಂತೆ. ಇವತ್ತು ವಾರ ಶುರುವಾಗ್ತಿದ್ದ ಹಾಗೇ ತಲಾಲ್ ಎಂಟು ಖಾಲಿ ಕುರ್ಚಿಗಳಿಗೆ ಕೈಚೀಲ ನೇತುಹಾಕಿಸಿದ. ನಮ್ಮ ಕೈಲೇ ಖರ್ಜೂರ ತಿನ್ನಿಸಿ, ಬೀಜಗಳನ್ನ ಕಾಫಿ ಬಟ್ಟಲ ಪಕ್ಕ ಇಡಿಸಿದ, ಈಗಷ್ಟೇ ಎದ್ದು ಹೋದ ಹಾಗೆ. "ನಮಾಜಿಗೆ ಹೋಗಿದ್ದಾರೆ ಅಂದುಬಿಡು" ಅಂತ ನಗ್ತಾನೆ ಪುಣ್ಯಾತ್ಮ. ಅಯ್ಯೋ ಅಕ್ಕಾ, ಬಾಗಿಲು ಸದ್ದಾದರೂ ಎದ್ದು ಹೋಗಿ ಯಾರು ಅಂತ ನೋಡಿ ಬರ್ತೀನಿ.

ಭಾವನಿಗೆ ಸಲಾಂ ಹೇಳು, ಲತೀನಳ ಹೊಸ ಹಲ್ಲಿಗೆ ನನ್ನದೊಂದು ಮುತ್ತು. ಅಲ್ಲಾಹ್ ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ,
ಅರೀಜ್

ತಾ.ಕ.: ಮರೆತು ಬಿಟ್ಟಿದ್ದಲ್ಲ, ಬರೆಯೋಕೆ ಧೈರ್ಯ ಇರಲಿಲ್ಲ. ಟೀಚರ್ ಕೆಲಸದ ಪಟ್ಟಿಯಲ್ಲಿ ನಿನ್ನ ಹೆಸರು ಬರಲಿಲ್ಲ, ನನ್ನ ಹಣೇಬರಹ ಅಂತ ಕಣ್ಣೀರಿಟ್ಟೆಯಲ್ಲ. ಹಣೇಬರಹ ಅಲ್ಲ ಅಕ್ಕಾ, ನಾನು. ಆ ಕೆಲಸದ ಅರ್ಜಿ ತುಂಬು ಅಂತ ನೀನು ಕೊಟ್ಟ ಗುರುತಿನ ಚೀಟಿ ನೋಡಿಯೇ ನಿನ್ನ ಹೆಸರನ್ನ ಇಲ್ಲಿ ಸೇರಿಸಿದೆ. ದಾಖಲೆಯಲ್ಲಿ ನೀನು ಏಳು ತಿಂಗಳಿಂದ ನಮ್ಮ ಕಂಪನಿಯ ನೌಕರಿಯಲ್ಲಿದ್ದೀಯ. ಬೇರೆ ಕೆಲಸ ಇರೋರನ್ನ ಟೀಚರ್ ಕೆಲಸಕ್ಕೆ ತೆಗೆದುಕೊಳ್ಳಲ್ಲ. ಆ ಪಟ್ಟಿಗೆ ತಕರಾರು ಹಾಕೋಕೆ ಗುರುವಾರ ಕೊನೆ ದಿನ, ಈ ಕಾಗದವನ್ನೇ ಜೊತೆಗಿಟ್ಟು ಹಾಕು. ಮಂಗಳವಾರ ನಿನ್ನ ಹೆಸರು ಕೂಗಿದಾಗ ಎದ್ದು ನಿಂತು, ಅವಳು ಇಲ್ಲಿಗೆ ಬಂದೇ ಇಲ್ಲ ಅಂತ ಹೇಳಿಬಿಡ್ತೀನಿ. ಅಮ್ಮನಿಗೆ ಈಗಲೇ ಹೇಳಬೇಡ. ಅವತ್ತು ಸಂಜೆ ಒಂದು ಫೋನ್ ಮಾಡು. ಫೋನು ಇನ್ನೂ ನನ್ನ ಕೈಲೇ ಇದ್ದು ನಾನೇ ಎತ್ತಿದರೆ, ಎಷ್ಟು ಬೇಕಾದರೂ ಬೈ.