ಧೂಳಿಲ್ಲದ ಕೋಣೆ

ಆಗಸ್ಟ್ 24, 2008, ಭಾನುವಾರ

ಮತ್ತೆ ಅದೇ. ಹಾಸಿಗೆ ಬಿಸಿಲಿಗೆ, ದಿಂಬಿನ ಕವರು ಬಿಸಿನೀರಿಗೆ, ನೆಲ ಎರಡು ಸಲ ಒರೆಸಿದ್ದು. ಅತ್ತೆಗೆ ಎದ್ದಾಗಿನಿಂದ ಸೀನು, ಹತ್ತು ಗಂಟೆಯ ಮೇಲೆ ಎದೆಯಲ್ಲಿ ಗೊರಗೊರ. ಮಳೆ ಬಿದ್ದದ್ದೇ ತಡ, ಪಾರ್ಥೇನಿಯಂ ಕೊಟ್ಟಿಗೆ ಬೇಲಿಯಿಂದ ರಸ್ತೆಯವರೆಗೂ ಬೆಳ್ಳಗೆ ಹೂ ಬಿಟ್ಟಿದೆ. ಕಿತ್ತಷ್ಟೂ ಬರುತ್ತದೆ.

ನಮ್ಮೂರು ತಮಿಳುನಾಡಿನ ಗಡಿಯೊಳಗೆ; ಗಡಿಯಾಚೆ ಚಾಮರಾಜನಗರದ ಡಾಕ್ಟರು ಅಲರ್ಜಿ ಅಂದರು. ಹೂವಿನ ಪುಡಿ, ಹುಲ್ಲಿನ ಧೂಳು, ದನದ ಕೂದಲು, ಯಾವುದೂ ಆಗದಂತೆ. ಅರವತ್ತೈದು ವರ್ಷ ಇವುಗಳ ನಡುವೆಯೇ ಇದ್ದವರಿಗೆ ಈಗ ಆಗದಂತೆ... ನೀಲಿ ಪಫ್ ಕೊಟ್ಟಿದ್ದಾರೆ. ಎದೆ ಕಟ್ಟಿದಾಗ ಎರಡು ಸಲ ಎಳೆದುಕೊಳ್ಳಬೇಕು.

ಮಧ್ಯಾಹ್ನ ಚಿಕ್ಕಬಸಮ್ಮ ಬಂದಳು. ನಮ್ಮ ಹೊಲದಲ್ಲಿ, ಕೊಟ್ಟಿಗೆಯಲ್ಲಿ ನಲವತ್ತು ವರ್ಷದಿಂದ ಕೆಲಸದವಳು. ಮೊದಲೆಲ್ಲ ಹಿತ್ತಿಲ ಬಾಗಿಲ ಆಚೆ ಅವಳು, ಈಚೆ ಅತ್ತೆ, ಎಲೆ ಅಡಿಕೆ, ಮಾತು. ಈಗ ಅತ್ತೆಗೆ ಎದ್ದು ಬರಲು ಆಗುವುದಿಲ್ಲ. ಅವಳನ್ನೇ ಒಳಗೆ ಕರೆದು ಮಂಚದ ಮೇಲೆ ಕೂರಿಸಿಕೊಂಡಿದ್ದರು. ಬೆನ್ನು ನೀವುತ್ತಿದ್ದಳು.

"ಮೆತ್ತುಗ್ ತಿಕ್ಕಮ್ಮಿ, ಎಮ್ಮೆ ಮೈ ತಿಕ್ದಂಗೆ ತಿಕ್ತಿದ್ದೈ."

"ಎಮ್ಮೆಯಾದ್ರೂ ಸುಮ್ಕೆ ನಿಂತ್ಕತದ ಕನ ದೊಡ್ಡವ್ವಾ."

ಇಬ್ಬರೂ ನಗುತ್ತಿದ್ದರು. ನನಗೆ ಸರಿ ಬರಲಿಲ್ಲ. ಮಂಚದ ಮೇಲೆ... ಯಾರಾದರೂ ನೋಡಿದರೆ?

ಆಗಸ್ಟ್ 31, ಭಾನುವಾರ

ಇವರು ಮೈಸೂರಿನಿಂದ ಮೆಷಿನ್ ತಂದರು. ಏರ್ ಪ್ಯೂರಿಫೈಯರ್. ಬಿಳಿ ಡಬ್ಬ, ನನ್ನ ಮೊಣಕಾಲಿನ ಎತ್ತರ. ಒಳಗೆ ಫಿಲ್ಟರ್. ಹಸಿರು ಲೈಟು ಉರಿದರೆ ಗಾಳಿ ಚೊಕ್ಕ, ಕೆಂಪು ಆದರೆ ಕೊಳೆ. ಕಿಟಕಿ ಬಾಗಿಲು ಮುಚ್ಚಿರಬೇಕು ಅಂತ ಅಂಗಡಿಯವನು ಹೇಳಿದ್ದಾನೆ. ಕಿಟಕಿ ಸಂದಿಗೆಲ್ಲ ಟೇಪು ಅಂಟಿಸಿದೆವು.

ಅತ್ತೆ ಮೆಷಿನ್ ಮುಂದೆ ಕೈ ಹಿಡಿದು ನೋಡಿದರು. "ದಯಾನಂದ, ಇದ್ರಲ್ಲಿ ಬರದು ಯಾವೂರ್ ಗಾಳಿಲಾ?"

ಸೆಪ್ಟೆಂಬರ್ 4, ಗುರುವಾರ

ಸೀನು ಇಲ್ಲ! ನಾಲ್ಕು ದಿನದಿಂದ ಪಫ್ ಮುಟ್ಟಿಲ್ಲ. ನಿದ್ದೆ ಮಾಡುತ್ತಾರೆ. ಎರಡು ಮುದ್ದೆ ಉಂಡರು. ಇವರ ಮುಖ ನೋಡಬೇಕಿತ್ತು. ಇಷ್ಟು ದಿನ ಏನೂ ಮಾಡಲಾಗದೆ ಕೂತಿದ್ದ ಮನೆ, ಒಂದು ಡಬ್ಬದಿಂದ...

ಸೆಪ್ಟೆಂಬರ್ 9, ಮಂಗಳವಾರ

ನಾನು ಕಲಿಸುವ ನರ್ಸರಿ ಶಾಲೆಯಿಂದ ಬಂದಾಗ ಚಿಕ್ಕಬಸಮ್ಮ ಮತ್ತೆ ಒಳಗೆ. ಮೆಷಿನ್ ಕೆಂಪು.

ಹೇಳಿಬಿಟ್ಟೆ. "ಕೊಟ್ಟಿಗೆಯಿಂದ ನೇರ ಬಂದು ಮಂಚದ ಮೇಲೆ ಕೂತರೆ ಈ ಮೆಷಿನ್ ಯಾಕೆ? ಅತ್ತೆ ಸಾಯಬೇಕಾ? ಇನ್ನು ಈ ಹೊಸಿಲು ದಾಟಬೇಡ. ಏನೇ ಆಗಲಿ, ದಾಟಬೇಡ."

ಅವಳು ಎದ್ದಳು. "ಕಾಲ್ ತೊಳ್ಕಂಡೇ ಬಂದಿದ್ದಿ ಅವ್ವಾರೇ."

ಅವಳ ಕೈಲೇ ನೆಲ ಒರೆಸಿಸಿದೆ, ಬಾಗಿಲವರೆಗೂ. ಒರೆಸುತ್ತ ಹಿಂದಕ್ಕೆ ಸರಿದು ಹೊಸಿಲ ಆಚೆ ಹೋದಳು. ಅತ್ತೆ ಗೋಡೆ ಕಡೆ ತಿರುಗಿ ಮಲಗಿದರು. ಇವರು ಹಾಲ್‌ನಲ್ಲಿ ಪೇಪರು ಓದುತ್ತಿದ್ದರು. ಪುಟ ಮಗುಚಿದರು.

ಡಾಕ್ಟರೇ ಹೇಳಿದ್ದಲ್ಲವೇ, ಧೂಳು ಬರಬಾರದು ಅಂತ.

ಸೆಪ್ಟೆಂಬರ್ 21, ಭಾನುವಾರ

ಈಗ ಕಿಟಕಿ ಗಾಜಿನ ಆಚೆ ನಿಂತು ಮಾತಾಡುತ್ತಾಳೆ. ಟೇಪು ಹಾಕಿದೆ, ಸರಿಯಾಗಿ ಕೇಳುವುದಿಲ್ಲ. ಇಬ್ಬರೂ ಕೂಗಬೇಕು. ಸ್ವಲ್ಪ ಹೊತ್ತಿಗೆ ಸುಸ್ತಾಗಿ ಸುಮ್ಮನೆ ನೋಡುತ್ತಾರೆ.

ಅತ್ತೆಗೆ ನನ್ನೊಡನೆ ಹೆಚ್ಚು ಮಾತಿಲ್ಲ. ಮೆಷಿನ್ ಹಸಿರು.

ಅಕ್ಟೋಬರ್ 11, ಶನಿವಾರ

ಕರೆಂಟು ಎಷ್ಟು ಹೊತ್ತಿಗೆ ಹೋಗುತ್ತದೆ, ಬರುತ್ತದೆ, ಲೆಕ್ಕವೇ ಇಲ್ಲ. ಇವರು ಇಬಿ ಆಫೀಸಿಗೆ, ಅಂದರೆ ಕರೆಂಟು ಆಫೀಸಿಗೆ, ಹೋಗಿ ಕೇಳಿದರು. ಲೈನ್‌ಮನ್ ಮುರುಗನ್ "ನಮ್ಮ ಕೈಲಿ ಏನಿದೆ ಸಾರ್, ತಮಿಳುನಾಡು ಪೂರಾ ಇದೇ ಗತಿ" ಅಂದನಂತೆ. ಮೆಷಿನ್ ನಿಂತರೆ ಕೋಣೆ ಗವ್ವೆನ್ನುತ್ತದೆ. ಅರ್ಧ ಗಂಟೆಗೆ ಸೆಕೆ, ಆಮೇಲೆ ಕೆಮ್ಮು. ಕಿಟಕಿ ತೆಗೆದರೆ ಹೂವಿನ ಪುಡಿ, ತೆಗೆಯದಿದ್ದರೆ ಉಸಿರು ಕಟ್ಟುತ್ತದೆ. ಪಫ್ ಮತ್ತೆ ಶುರು. ದಿಂಬಿನ ಪಕ್ಕ ಇಟ್ಟಿದ್ದೇನೆ.

ನವೆಂಬರ್ 5, ಬುಧವಾರ

ಬರೆಯಲು ಆಗಿರಲಿಲ್ಲ. ಬರೆಯುತ್ತೇನೆ.

ಅಕ್ಟೋಬರ್ 30, ಗುರುವಾರ. ಗುಮಟಾಪುರದಲ್ಲಿ ಸಗಣಿ ಎರಚಾಡುವ ಹಬ್ಬ. ಇವರೂ ಹೋದರು, ಬೀದಿಗೆ ಬೀದಿಯೇ ಹೋಯಿತು. ನನಗೆ ನರ್ಸರಿ ಇತ್ತು. ದೀಪಾವಳಿ ಪಟಾಕಿ ಹೊಗೆ ಇನ್ನೂ ಇದೆ ಅಂತ ಕಿಟಕಿ ಮುಚ್ಚಿಯೇ ಹೊರಟೆ. ಹತ್ತು ಗಂಟೆಗೆ ಕರೆಂಟು ಹೋಯಿತು. ನರ್ಸರಿಯಲ್ಲಿ ಫ್ಯಾನ್ ನಿಂತಾಗ ಅತ್ತೆಯ ನೆನಪಾಯಿತು. ಈಗ ಬರುತ್ತದೆ ಬಿಡು ಅಂದುಕೊಂಡೆ.

ಹನ್ನೊಂದರ ಮೇಲೆ ಚಿಕ್ಕಬಸಮ್ಮ ಓಡಿ ಬಂದಳು. ತಲೆ ಕೆದರಿ, ಏದುಸಿರು. "ಬನ್ನಿ ಅವ್ವಾರೇ... ದೊಡ್ಡವ್ವ... ಬಿರ್ರನೆ ಬನ್ನಿ..."

ಓಡಿದೆವು. ಅರ್ಧ ಮೈಲಿ. ಕೋಣೆ ಬಾಗಿಲು ತೆರೆದೇ ಇತ್ತು. ಅತ್ತೆ ಮಂಚದ ಅಂಚಿಗೆ ಒರಗಿದ್ದರು, ಬಾಯಿ ತೆರೆದು. ಮೈ ಇನ್ನೂ ಬಿಸಿ. ಉಸಿರು ಇರಲಿಲ್ಲ.

ಪಫ್ ಮಂಚದ ಕೆಳಗೆ ಉರುಳಿಹೋಗಿತ್ತು. ಬಾಗಿಲಿನಿಂದ ನಾಲ್ಕು ಹೆಜ್ಜೆ.

ನಾನು ತಿರುಗಿದೆ. ಚಿಕ್ಕಬಸಮ್ಮ ಹೊಸಿಲ ಆಚೆಯೇ ನಿಂತಿದ್ದಳು. "ಕೈ ಚಾಚ್ತು ನನ್ ತಾವ್ಕೆ. ಬಾ ಅಂತು. ಕೂಗ್ದಿ, ಬೀದೀಲಿ ಒಬ್ರೂ ಇಲ್ಲ. ಅದ್ಕೇ ನಿಮ್ ತಾವ್ಕೆ..." ಅಷ್ಟು ಹೇಳಿ ಅಲ್ಲೇ ಕುಸಿದು ಕೂತಳು. ಆಗಲೂ ಒಳಗೆ ಬರಲಿಲ್ಲ.

ನವೆಂಬರ್ 10, ಸೋಮವಾರ

ನಿನ್ನೆ ಹನ್ನೊಂದನೇ ದಿನದ ಕಾರ್ಯ. ನೆಂಟರು, ಊರವರು ತುಂಬಿದ್ದರು. ಚಿಕ್ಕಬಸಮ್ಮ ಅಂಗಳದ ಮೂಲೆಯಲ್ಲಿ ಕೂತಿದ್ದಳು. ಗುರುಸ್ವಾಮಿ ಮಾವ, ನನ್ನ ಮಾವನವರ ತಮ್ಮ, ಎಲ್ಲರೆದುರಿಗೆ ಶುರು ಮಾಡಿದರು.

"ನಲವತ್ತೊರ್ಸ ಈ ಮನೆ ಅನ್ನ ತಿಂದವ್ಳು. ಬಾಕ್ಲಲ್ಲಿ ನಿಂತ್ಕಂಡು ಸಾಯದ್ನ ನೋಡ್ತಾಳಲ್ಲ! ಒಳಕ್ಕೋಗಿ ಆ ಪಫ್ ಎತ್ಕೊಡಕ್ಕೆ ನಿನ್ ಕೈಗೇನಾಗಿತ್ತಮ್ಮಿ?"

ಅವಳು ತಲೆ ಎತ್ತಿದಳು. ಮಾವನ ಕಡೆಗಲ್ಲ, ನನ್ನ ಕಡೆಗೆ. "ಅವ್ವಾರೇ, ನೀವೇ ಯೋಳಿ."

ಎಲ್ಲರೂ ನನ್ನನ್ನು ನೋಡಿದರು.

ನಾನು ಅಡುಗೆಮನೆಗೆ ಹೋದೆ. ಪಾಯಸ ತಳ ಹತ್ತುತ್ತಿತ್ತು ಅಂತ. ತಳ ಹತ್ತುತ್ತಿರಲಿಲ್ಲ.

ವಾಪಸು ಬಂದಾಗ ಅಂಗಳದ ಮೂಲೆ ಖಾಲಿ. ನಾಳೆಯಿಂದ ಕೆಲಸಕ್ಕೆ ಬರಬೇಡ ಅಂತ ಇವರು ಹೇಳಿ ಕಳಿಸಿದ್ದರು. ಉಣ್ಣದೆ ಹೋದಳಂತೆ.

ನವೆಂಬರ್ 12

ಡಾಕ್ಟರು ಹೇಳಿದ್ದನ್ನು ನೆನಪು ಮಾಡಿಕೊಂಡೆ. "ಯಾರೇ ಒಳಗೆ ಹೋಗಲಿ, ಕೈಕಾಲು ತೊಳೆದು ಹೋಗಲಿ." ಇಷ್ಟೇ. ಯಾರೇ.

ನಾನು ನರ್ಸರಿಯಿಂದ ಚಾಕ್‌ಪೀಸ್ ಪುಡಿಯ ಸೀರೆಯಲ್ಲೇ ಒಳಗೆ ಹೋಗುತ್ತಿದ್ದೆ. ಇವರು ಜೋಳದ ಹೊಲದಿಂದ ನೇರ. ಗುರುಸ್ವಾಮಿ ಮಾವ ಚಪ್ಪಲಿ ಹಾಕಿಕೊಂಡೇ ಒಂದು ದಿನ. ಯಾರಿಗೂ ಬೇಡ ಅನ್ನಲಿಲ್ಲ. ಕಾಲು ತೊಳೆದು ಬಂದವಳು ಒಬ್ಬಳೇ. ಅವಳಿಗೇ ಅಂದೆ.

ಅದು ಧೂಳಿನ ಮಾತಾಗಿರಲಿಲ್ಲ. ಮೆಷಿನ್ ಬರುವ ಮೊದಲೇ ನನ್ನ ಮನಸ್ಸಿನಲ್ಲಿ ಇತ್ತು. ಮಂಚದ ಮೇಲೆ ಅವಳು ಕೂತ ದಿನವೇ.

ನವೆಂಬರ್ 26, ಬುಧವಾರ

ಚಿಕ್ಕಬಸಮ್ಮನ ಮಗ ರಾಚ ಬಂದಿದ್ದ. ಕೊಟ್ಟಿಗೆಯಲ್ಲಿ ಬಿಟ್ಟುಹೋದ ಅವಳ ಕಂಬಳಿ, ಕುಡುಗೋಲು ಬೇಕಂತೆ. ತಂದುಕೊಟ್ಟೆ. ಅವ್ವ ಹೇಗಿದ್ದಾಳೆ ಅಂದೆ.

"ಕೋಸ್ ಕೊಯ್ಯಕ್ಕೆ ಲಾರೀಲಿ ಓಯ್ತದ. ಜತ್ಗೆ ಒಬ್ರೂ ಮಾತಾಡ್ಸಲ್ಲ. ಸಾಯೋರ್ಗೆ ಕೈ ಕೊಡ್ದೋಳು ಅಂತಾರ." ನನ್ನ ಮುಖ ನೋಡಲಿಲ್ಲ. "ಊಟ ಸೇರ್ತಾ ಇಲ್ಲ ಅದ್ಕೆ."

ಹೋದ.

ನವೆಂಬರ್ 29, ಶನಿವಾರ

ಇವರಿಗೆ ಹೇಳಿದೆ. ಊಟಕ್ಕೆ ಕೂತಿದ್ದರು. "ರೀ, ಅವಳನ್ನ ಒಳಗೆ ಬರಬೇಡ ಅಂದದ್ದು ನಾನು. ಏನೇ ಆಗಲಿ ದಾಟಬೇಡ ಅಂದಿದ್ದೆ."

ಮುದ್ದೆ ಮುರಿಯುತ್ತಲೇ ಅಂದರು: "ನಂಗೊತ್ತು ಪದ್ಮ. ಅವತ್ತು ಹಾಲ್‌ನಲ್ಲೇ ಇದ್ನಲ್ಲ."

"ಮತ್ತೆ ಅವತ್ತು ಎಲ್ಲರ ಮುಂದೆ ಯಾಕೆ..."

"ನಿನ್ ಹೆಸರು ಹೇಳ್ಬೇಕಿತ್ತಾ? ಈ ಮನೆ ಸೊಸೆ ಹೆಸರು?" ನೀರು ಕುಡಿದರು. "ಮುಗೀತು. ಅವ್ವ ತಿರ್ಗಾ ಬರ್ತಾಳಾ?"

ಹಾಗಾದರೆ ಗೊತ್ತಿದ್ದೂ ಮುಚ್ಚಿಟ್ಟವರು ಇಬ್ಬರು. ನಾನೊಬ್ಬಳೇ ಅಂದುಕೊಂಡಿದ್ದೆ.

ಡಿಸೆಂಬರ್ 1, ಸೋಮವಾರ, ಬೆಳಿಗ್ಗೆ 9

ನರ್ಸರಿಗೆ ಲೀವು ಹಾಕಿದೆ. ಆರೂವರೆಗೆ ಲಾರಿ ನಿಲ್ಲುವಲ್ಲಿಗೆ ಹೋದೆ. ಮಂಜು. ಹತ್ತು ಹನ್ನೆರಡು ಹೆಂಗಸರು ಒಂದು ಕಡೆ, ಚಿಕ್ಕಬಸಮ್ಮ ಇನ್ನೊಂದು ಕಡೆ, ಒಬ್ಬಳೇ. ಸೊರಗಿಹೋಗಿದ್ದಾಳೆ. ನನ್ನನ್ನು ನೋಡಿ ಎದ್ದು ನಿಂತಳು.

ಎಲ್ಲರಿಗೂ ಕೇಳುವಂತೆ ಹೇಳಿದೆ. "ಒಳಗೆ ಬರಬೇಡ ಅಂದದ್ದು ನಾನು. ನಿಂದು ತಪ್ಪಿಲ್ಲ. ನಂದು."

ಹೆಂಗಸರೆಲ್ಲ ಇತ್ತ ತಿರುಗಿದರು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ.

"ನನ್ ತಪ್ಪಿಲ್ಲ ಅಂತ ನಂಗ್ಗೊತ್ತು ಕನ ಅವ್ವಾರೇ. ಇವ್ರ್ಗೂ ಗೊತ್ತಾಯ್ತು, ಸರಿ. ಆದ್ರೆ ನೀವ್ ಯೋಳ್ಬೇಕಾಗಿರೋದು ಇಲ್ಲಲ್ಲ. ಅಲ್ಲಿ."

ಲಾರಿ ಬಂತು. ಹತ್ತಿಕೊಂಡಳು. ಒಬ್ಬ ಹೆಂಗಸು ಮೇಲಿನಿಂದ ಅವಳಿಗೆ ಕೈ ಕೊಟ್ಟಳು.

ಅದೇ ದಿನ, ಸಂಜೆ 5

ಸೋಮವಾರ ಗುರುಸ್ವಾಮಿ ಮಾವನ ಜಗಲಿಯಲ್ಲಿ ಭಜನೆ. ಹನ್ನೊಂದನೇ ದಿನ ನಮ್ಮ ಅಂಗಳದಲ್ಲಿ ಇದ್ದವರೆಲ್ಲ ಇರುತ್ತಾರೆ. ಬೆಳಗಿನ ಮಾತು ಆಗಲೇ ಊರೆಲ್ಲ ಹಬ್ಬಿದೆ. ನಾನು ಅಲ್ಲಿಗೂ ಹೋಗುತ್ತೇನೆ ಅಂತ ಇವರಿಗೆ ಯಾರು ಹೇಳಿದರೋ, ಹೊಲದಿಂದ ಬೇಗ ಬಂದಿದ್ದಾರೆ. ಹಾಲ್‌ನಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದಾರೆ.

ಏನು ಹೇಳಬೇಕು ಅಂತ ಮೂರು ಸಲ ಬಾಯಲ್ಲೇ ಅಂದುಕೊಂಡೆ. ಮೂರು ಸಲವೂ 'ಡಾಕ್ಟರು ಹೇಳಿದ್ದರು' ಅಂತಲೇ ಶುರುವಾಗುತ್ತದೆ. ಅದನ್ನು ಬಿಡಬೇಕು. 'ನಾನು' ಅಂತ ಶುರು ಮಾಡಬೇಕು.

ತಾಳದ ಸದ್ದು ಕೇಳಿಸುತ್ತಿದೆ. ಸೀರೆ ಬದಲಾಯಿಸಿದೆ. ಇವರು ಹೊರಬಾಗಿಲು ಹಾಕಿ, ಅದಕ್ಕೆ ಒರಗಿ ನಿಂತಿದ್ದಾರೆ. ನಾನು ಪೆನ್ನು ಇಟ್ಟು ಏಳುತ್ತೇನೆ, ಬಾಗಿಲು ಬಿಡಿ ಅನ್ನುತ್ತೇನೆ.