ಪುಸ್ತಕ ತಗೊಂಡು ಬಾ

ಆಗಸ್ಟ್ 29, ಸೋಮವಾರ. ಬೆಳಿಗ್ಗೆ 6
ಹುಡುಗರ ಸಾಮಾನು ನೋಡ್ಕೊಳ್ಳೋದು ನನ್ನ ಕೆಲಸ; ಹೆಲ್ಮೆಟ್ ಎಲ್ಲಾ ಒರೆಸಿ ಸಾಲಾಗಿಟ್ಟೆ. ಸೀಸನ್ ಶುರುವಾಗೋ ಮುಂಚೆ ನಮ್ಮ ಅಮೆರಿಕನ್ ಫುಟ್ಬಾಲ್ ಟೀಮಿಂದ ಹುಡುಗರನ್ನ ತೆಗೆಯೋ ಕೊನೇ ದಿನ. "ಕೋಚ್ ಕರೀತಾರೆ, ಪುಸ್ತಕ ತಗೊಂಡು ಬಾ" ಅಂದ್ರೆ ಮುಗೀತು. ಆಟದ ಪುಸ್ತಕ ವಾಪಸ್, ಹುಡುಗ ಮನೆಗೆ ವಾಪಸ್.

ಸಂಜೆ 4
ತೆಗೆಯೋರ ಲಿಸ್ಟ್ ಮುಗೀತು. ಕಿಕ್ಕರ್ ವೆಸೆಲಿ, ಗೋಲಿಗೆ ಚೆಂಡು ಒದೆಯೋನು, ಉಳ್ಕೊಂಡ. ನನಗೆ ಗೊತ್ತು, ಅವನಿಗೆ ಗೊತ್ತಿಲ್ಲ. ನಾಲಿಗೆ ತುರಿಸ್ತು. ಮುಖ ಇಳಿಬಿಟ್ಕೊಂಡು ಹೋಗಿ ಅಂದೆ — "ಕೋಚ್ ಕರೀತಾರೆ. ಪುಸ್ತಕ ತಗೊಂಡು ಬಾ."
ಬೈತಾನೆ ಅನ್ಕೊಂಡಿದ್ದೆ. ಬಗ್ಗಿ ಶೂ ಬಿಚ್ಚಿದ. ಲಾಕರಿಗೆ ಅಂಟಿಸಿದ್ದ ಮಗಳ ಫೋಟೋನ ಹರಿಯದ ಹಾಗೆ ನಿಧಾನಕ್ಕೆ ಕಿತ್ತ.
"ತಮಾಷೆ ಕಣೋ."
ಕೂತ್ಬಿಟ್ಟ. "ಅಜ್ಜ, ಇದು ನನ್ನ ನಾಲ್ಕನೇ ಟೀಮು. ಐದನೇದು ಸಿಗಲ್ಲ."

ಸೆಪ್ಟೆಂಬರ್ 4
ಗೆದ್ವಿ. ವೆಸೆಲಿ ಒದ್ದಿದ್ದು ಎರಡು, ಎರಡೂ ಗೋಲ್ ಕಂಬದ ಒಳಗೆ. ಒದೆಯೋದು ಅವನ ಕಸುಬು, ಒದೆ ತಿನ್ನಬೇಕಾದವನು ನಾನು. ಟವೆಲ್ ಕೊಡೋಕೆ ಹೋದ್ರೂ ಬೆಚ್ಚಿಬೀಳ್ತಾನೆ.

ಅಕ್ಟೋಬರ್ 16
ಮೂರರಲ್ಲಿ ಎರಡು ಹೊರಗೆ. ಒದೆಯೋ ಮುಂಚೆ ಈ ಕಡೆ ತಿರುಗಿ ನೋಡ್ದ. ಕೋಚನ್ನಲ್ಲ. ನನ್ನ.
ಇನ್ಮೇಲೆ ನೀರಿನ ಡ್ರಮ್ ಹಿಂದೆ ನಿಲ್ತೀನಿ. ನಲವತ್ತು ವರ್ಷ ತಮಾಷೆಗೆ ಕಂಡವರ ಶೂಗೆಲ್ಲಾ ಶೇವಿಂಗ್ ಕ್ರೀಮ್ ತುಂಬಿದವನು ನಾನು. ಈಗ ಇವನ ಶೂ ಮುಟ್ಟೋಕೂ ಭಯ.

ನವೆಂಬರ್ 24, ಥ್ಯಾಂಕ್ಸ್‌ಗಿವಿಂಗ್ ಹಬ್ಬ
ವೆಸೆಲಿ ಕುಂಬಳಕಾಯಿಯ ಸಿಹಿ ಪೈ ತಂದ. ಹೆಂಡತಿ ಮಾಡಿದ್ದಂತೆ.
"ಮೇಲಿರೋದು ಕ್ರೀಮ್ ತಾನೇ?"
"ತಿಂದು ನೋಡು, ಮುದಿ ಕಪಿ."
ಶೇವಿಂಗ್ ಕ್ರೀಮ್! ಇಬ್ರೂ ಬಿದ್ದು ಬಿದ್ದು ನಕ್ವಿ. ಸರಿಹೋಯ್ತು ಅನ್ಸುತ್ತೆ... ಭಾನುವಾರ ಒಂದು ನೆಟ್ಟಗೆ ಒದ್ರೆ ಸಾಕು.

ನವೆಂಬರ್ 27
ಇಪ್ಪತ್ತೆಂಟು ಗಜದ ಒದೆ, ಅವನಿಗೆ ಸಲೀಸು. ಉಳಿದಿದ್ದು ಮೂರು ಸೆಕೆಂಡು. ಹೊರಗೆ. ಒಂದು ಪಾಯಿಂಟಲ್ಲಿ ಸೋತ್ವಿ.
ಡ್ರಮ್ ಹಿಂದೇನೇ ಇದ್ದೆ. ಒದೆಯೋ ಮುಂಚೆ ನನ್ನ ಹುಡುಕಿ ನೋಡ್ದ.

ನವೆಂಬರ್ 28, ಸೋಮವಾರ. ಬೆಳಿಗ್ಗೆ 9
ಹುಡುಗರನ್ನ ಕರೆಯೋ ಕೆಲಸದವನಿಗೆ ಜ್ವರ. ಕೋಚ್ ನನಗೆ ಹೇಳಿ ಕಳಿಸಿದ್ರು.
"ವೆಸೆಲಿನ ತೆಗೆದಾಯ್ತು. ಅವನಿಗೆ ನಿನ್ನ ಹತ್ರ ಸಲಿಗೆ. ನೀನೇ ಹೇಳು."
"ನಾನು ಬೇಡ, ಕೋಚ್. ಬೇರೆ ಯಾರಾದ್ರೂ—"
ಅಷ್ಟರಲ್ಲಿ ಕೋಚ್ ಫೋನ್ ಎತ್ಕೊಂಡಾಗಿತ್ತು.
ಹೋದೆ. ಬೇರೆ ಮಾತೇ ಸಿಗಲಿಲ್ಲ, ಆ ಪುಸ್ತಕದ ಮಾತನ್ನೇ ಅಂದೆ. ವೆಸೆಲಿ ಹೊಟ್ಟೆ ಹಿಡ್ಕೊಂಡು ನಕ್ಕ. "ಪೈಗೆ ಸೇಡಾ? ಎರಡ್ನೇ ಸಲ ಬೀಳಲ್ಲ ಅಜ್ಜ." ಪಕ್ಕದವರಿಗೂ ಹೇಳ್ಕೊಂಡು ನಗ್ತಿದ್ದ.
ಸ್ಟೋರ್ ರೂಮಿಗೆ ಬಂದು ಕೂತಿದೀನಿ. ಇನ್ನೊಂದು ಸಲ ಹೇಳ್ಬೇಕು. ಅವನು ಮತ್ತೆ ಅಂಟಿಸಿದ ಮಗಳ ಫೋಟೋ ಲಾಕರಿನ ಮೇಲೆ ಹಾಗೇ ಇದೆ.
ಬಾಗಿಲು ತಟ್ತಿದಾನೆ. "ಅಜ್ಜ... ನೀನ್ಯಾಕೆ ನಗ್ಲಿಲ್ಲ? ಅಜ್ಜ, ಒಳಗೆ ಇದೀಯಾ?"