ಅರ್ಧ ಹೆಜ್ಜೆ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಬಂತು. ಓದಿ ಸಕ್ಕರೆ ಡಬ್ಬಿಯ ಹಿಂದೆ ಇಟ್ಟೆ. ಮತ್ತೆ ತೆಗೆದು ಓದಿದೆ. ಸಿಟ್ಟು ಇಳಿಯಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ಕಾಗದದಲ್ಲಿ ಆ ಕಾಟವಿಲ್ಲ.

‘ಹೆತ್ತ ಮಗಳು ನಾನೇ ಸುಧಾರಿಸಿಕೊಂಡಿದ್ದೇನೆ, ನಿಮಗೇನಾಗಿದೆ ಅತ್ತಿಗೆ’ ಎಂದು ಬರೆದಿದ್ದೀಯ. ನಿನ್ನ ಆಫೀಸಿನಲ್ಲಿ ಮನಸ್ಸಿನ ನೆಮ್ಮದಿಗೆಂದು ತರಬೇತಿ ಕೊಟ್ಟರಂತೆ, ನೀನು ಹಗುರವಾದೆಯಂತೆ, ನಮ್ಮಲ್ಲೂ ಅದು ಬಂದರೆ ನಾನು ಬಾಯಿ ಮುಚ್ಚಿಕೊಂಡು ಸೇರಬೇಕಂತೆ. ಬಂತು, ಸೇರಿದೆ, ಮುಗಿಯಿತು. ಆ ಕಥೆಗೆ ಮೊದಲು ನಿನ್ನ ಪ್ರಶ್ನೆಗಳಿಗೆ ಉತ್ತರ: ಅತ್ತೆಯ ಸೀರೆಗಳನ್ನು ಉಟ್ಟುಕೊಳ್ಳುವವರಿಗೆ ಕೊಟ್ಟಾಯಿತು. ಹಾಸಿಗೆ ಸುತ್ತಿ ಅಟ್ಟಕ್ಕೆ ಹಾಕಿದೆ. ಅವರ ನೀಲಿ ಬೆಡ್‌ಶೀಟು ಒಗೆದು, ಮಡಚಿ, ಬೀರುವಿನಲ್ಲಿಟ್ಟಿದ್ದೇನೆ. ನಿಮ್ಮಣ್ಣ ಚೆನ್ನಾಗಿದ್ದಾರೆ. ಹೊತ್ತಿಗೆ ಉಣ್ಣುತ್ತಾರೆ, ಟಿವಿ ಜೋರಾಗಿ ಇಡುತ್ತಾರೆ.

ನಾನೂ ಅತ್ತೆಯೂ ಮನೆಯಲ್ಲಷ್ಟೇ ಅಲ್ಲ, ಆಸ್ಪತ್ರೆಯ ಲಾಂಡ್ರಿಯಲ್ಲೂ ಜೋಡಿ ಎನ್ನುವುದು ನಿನಗೆ ಗೊತ್ತು. ಆದರೆ ನೀನು ಒಳಗೆ ಬಂದು ನೋಡಿದವಳಲ್ಲ. ಬೆಡ್‌ಶೀಟು ಮಡಚಲು ಇಬ್ಬರು ಬೇಕು. ಆ ತುದಿಯಲ್ಲೊಬ್ಬಳು, ಈ ತುದಿಯಲ್ಲೊಬ್ಬಳು. ಜೋರಾಗಿ ಒಮ್ಮೆ ಒದರಿ, ಅಂಚಿಗೆ ಅಂಚು ಸೇರಿಸಿ, ಎದುರುಬದುರು ನಡೆದು ಬಂದು ಒಬ್ಬಳ ಕೈಯ ಮೂಲೆಗಳನ್ನು ಇನ್ನೊಬ್ಬಳು ಹಿಡಿಯಬೇಕು. ನಡುವೆ ಶೀಟು ಜೋತು ನೆಲ ಮುಟ್ಟಿದರೆ ಮತ್ತೆ ಒಗೆತಕ್ಕೆ. ಅತ್ತೆಯ ಎಡಗಾಲು ಕುಂಟು. ಅವರ ಹೆಜ್ಜೆ ಗಿಡ್ಡ. ನಾನು ಅರ್ಧ ಹೆಜ್ಜೆ ತಡೆದು ನಡೆಯುವುದನ್ನು ಕಲಿತೆ. ಯಾರೂ ಕಲಿಸಲಿಲ್ಲ, ವರ್ಷಗಟ್ಟಲೆ ಹಾಗೆ ನಡೆದು ಅದೇ ನನ್ನ ನಡಿಗೆಯಾಯಿತು.

ಅವರು ಹೋದ ಮೇಲೆ ನನ್ನ ಎದುರಿಗೆ ಹೊಸ ಹುಡುಗಿಯೊಬ್ಬಳನ್ನು ನಿಲ್ಲಿಸಿದರು. ಎಲ್ಲರೂ ಅವಳನ್ನು ಚೂಟಿ ಎನ್ನುತ್ತಾರೆ, ಅಷ್ಟು ಚುರುಕು. ಅವಳು ಸರಸರ ಬರುತ್ತಾಳೆ, ನಾನು ನಡುವೆ ನಿಂತುಬಿಡುತ್ತೇನೆ, ಶೀಟು ನೆಲಕ್ಕೆ. “ಬನ್ನಿ ಅಕ್ಕಾ, ಯಾಕೆ ನಿಲ್ತೀರಾ? ನಾನೇನು ಕಚ್ತೀನಾ?” ಎನ್ನುತ್ತಿದ್ದಳು ಪಾಪ. ಮನಸ್ಸು ಮುಂದೆ ಹೋಗು ಎನ್ನುತ್ತದೆ, ಕಾಲು ಕೇಳುವುದಿಲ್ಲ. ಒಗೆದದ್ದನ್ನೇ ಮತ್ತೆ ಒಗೆಸಿ ಸುಸ್ತಾದ ಸೂಪರ್‌ವೈಸರ್ ನನ್ನನ್ನು ಕೊಳೆ ಬಟ್ಟೆ ವಿಂಗಡಿಸುವ ಕೋಣೆಗೆ ಹಾಕಿದರು. ಅದು ಕಿಟಕಿಯಿಲ್ಲದ ಕೋಣೆ. ಅಲ್ಲಿ ಯಾರೂ ಯಾರಿಗೂ ಎದುರು ನಿಲ್ಲುವುದಿಲ್ಲ. “ನಿನಗೆ ಮನಸ್ಸು ಸರಿಯಿಲ್ಲ. ತರಬೇತಿ ಮುಗಿಸಿ ಸರಿಯಾಗು, ಆಮೇಲೆ ಮಡಚುವ ಮೇಜಿಗೆ ವಾಪಸ್” ಎಂದರು. ಅಲ್ಲ ಪುಟ್ಟಿ, ನನ್ನ ಅತ್ತೆ ನಿಂತಿದ್ದ ಜಾಗದ ಎದುರು ನಾನು ನಿಲ್ಲುವುದಕ್ಕೆ ಪಾಸಾಗಬೇಕಂತೆ!

ಪಾಠ ಉಗ್ರಾಣದಲ್ಲಿ. ಸೋಪಿನ ಪುಡಿಯ ಮೂಟೆಗಳನ್ನು ಗೋಡೆಗೆ ಸರಿಸಿ ಕುರ್ಚಿ ಹಾಕಿದ್ದರು. ಕಲಿಸುವವಳು ನಿನಗಿಂತ ಚಿಕ್ಕವಳು. ದನಿ ಎಷ್ಟು ಮೆತ್ತಗೆಂದರೆ ಹಿಂದೆ ಕೂತವರಿಗೆ ನಿದ್ದೆ. ಮೊದಲ ದಿನ ಕಣ್ಣು ಮುಚ್ಚಿಸಿ, ನಿಮ್ಮ ದುಃಖ ಒಂದು ಎಲೆ, ಅದನ್ನು ಹರಿಯುವ ನೀರಿನಲ್ಲಿ ಬಿಟ್ಟುಬಿಡಿ ಎಂದಳು. ಬಾಯ್ಲರ್ ನೋಡಿಕೊಳ್ಳುವಾತ ಕಣ್ಣು ಮುಚ್ಚಿಕೊಂಡೇ ಕೇಳಿದ: “ಬಿಡೋದು ಬಿಡ್ತೀವಿ ಮೇಡಂ. ಆಮೇಲೆ ಮೋರಿ ಕಟ್ಕೊಂಡ್ರೆ ಯಾರು ತೆಗೀಬೇಕು?”

ಇನ್ನೊಂದು ದಿನ, ಎದುರಿನವರ ಎರಡೂ ಕೈ ಹಿಡಿದು ನಿಲ್ಲಿ, ಕಣ್ಣಲ್ಲಿ ಕಣ್ಣಿಟ್ಟು ನೋಡಿ ಎಂದಳು. ನನಗೆ ಜೋಡಿಯಿಲ್ಲದ್ದು ನೋಡಿ ಅವಳೇ ಬಂದು ಕೈ ಕೊಟ್ಟಳು. ಲಾಂಡ್ರಿಯವಳ ಎರಡು ಕೈಗೆ ಎದುರಿನಿಂದ ಏನಾದರೂ ಸಿಕ್ಕರೆ ಏನಾಗುತ್ತದೆ? ಒದರಿಬಿಟ್ಟೆ. ಅವಳ ಕನ್ನಡಕ ಹಾರಿ ಸೋಪಿನ ಮೂಟೆಯ ಮೇಲೆ ಬಿತ್ತು. ತಿರುಗಿ ನೋಡಿದರೆ ಅತ್ತ ಇನ್ನೂ ಇಬ್ಬರು ಒಬ್ಬರನ್ನೊಬ್ಬರು ಒದರುತ್ತಿದ್ದರು. ಅತ್ತೆ ಹೋದ ಮೇಲೆ ಅಂದೇ ನಾನು ಮೊದಲು ನಕ್ಕದ್ದು. ಅದನ್ನು ಪಾಠದ ಲೆಕ್ಕಕ್ಕೆ ಸೇರಿಸಬೇಕೋ ಬೇಡವೋ ನೀನೇ ಹೇಳು.

ನನಗೆ ರೇಗಿದ್ದು ಬೇರೆಯದಕ್ಕೆ. ಕಳೆದುಕೊಂಡವರ ಬಗ್ಗೆ ಒಬ್ಬೊಬ್ಬರೂ ಹೇಳಿ ಎಂದಾಗ ನಾನು “ಅತ್ತೆ” ಎಂದೆ. ಕಿಸಕ್ಕನೆ ನಕ್ಕರು. “ಅತ್ತೆ ಹೋದ್ರೆ ಸೊಸೆಗೆ ಅದೇ ನೆಮ್ಮದಿ ಕಣೇ, ಬೇರೆ ತರಬೇತಿ ಯಾಕೆ?” ಎಂದಳು ಒಬ್ಬಳು. ಮೇಡಂ ಕೂಡ ತಲೆಯಾಡಿಸಿ ಪಕ್ಕದವಳ ಕಡೆ ತಿರುಗಿದಳು. ಅವಳ ಗಂಡ ಹೋಗಿದ್ದ, ಅವಳಿಗೆ ಮಾತಾಡಲು ಬೇಕಾದಷ್ಟು ಹೊತ್ತು ಸಿಕ್ಕಿತು. ಸಿಗಬೇಕಾದ್ದೇ, ನಾನು ಅಲ್ಲಗಳೆಯುವುದಿಲ್ಲ. ಆದರೆ ಅಳುವುದಕ್ಕೂ ಸಂಬಂಧ ನೋಡಿ ಚೀಟಿ ಕೊಡುತ್ತಾರಲ್ಲ, ನೀನೂ ಕೊಟ್ಟೆಯಲ್ಲ, ಅದಕ್ಕೆ ಹೊಟ್ಟೆ ಉರಿಯುತ್ತದೆ.

ಇನ್ನು ಫಲಿತಾಂಶ. ಒಂದು ಹಲಗೆಯ ಮೇಲೆ ಐದು ಮುಖಗಳ ಚಿತ್ರ, ಅಳುವುದರಿಂದ ನಗುವುದರವರೆಗೆ. ನಿಮ್ಮ ಮನಸ್ಸು ಯಾವುದು ತೋರಿಸಿ ಎಂದು ಮೊದಲ ದಿನ ಕೇಳಿದ್ದಳು. ಹೊರಗಿನವರು ಹೇಗಿದ್ದೀರಿ ಎಂದರೆ ಯಾರಾದರೂ ಅಳುತ್ತಿದ್ದೇನೆ ಅನ್ನುತ್ತಾರೆಯೇ? ಮರ್ಯಾದೆಗೆ ನಗುವ ಮುಖ ತೋರಿಸಿದ್ದೆ. ಆಮೇಲೆ ವಾರವಾರವೂ ಅವಳು ಹೇಳಿಕೊಟ್ಟದ್ದು ಒಂದೇ: ಇದ್ದದ್ದನ್ನು ಇದ್ದ ಹಾಗೆ ಹೇಳಿ, ಮುಚ್ಚಿಡಬೇಡಿ. ಸರಿ ಎಂದು ಕೊನೆಯ ದಿನ ಬಾಯಿ ಕೆಳಗಾದ ಮುಖ ತೋರಿಸಿದೆ.

“ಅಯ್ಯೋ ಆಂಟಿ, ನೀವು ಉಲ್ಟಾ ಹೋಗ್ಬಿಟ್ರಿ!” ಎಂದಳು. ಸೂಪರ್‌ವೈಸರ್ ಓಡಿ ಬಂದರು. “ಎಲ್ರೂ ಮೇಲೆ ಹತ್ತಿದಾರೆ, ನೀನೊಬ್ಬಳೇ ಇಳಿದಿದ್ದೀಯ. ಸುಮ್ನೆ ನಗೋ ಮುಖ ತೋರ್ಸಮ್ಮ, ಮೇಜಿಗೆ ಹೋಗು.” ಬೆರಳು ಒಂದಿಷ್ಟು ಸರಿಸಿದ್ದರೆ ಮುಗಿಯುತ್ತಿತ್ತು. ನಾನು ಸರಿಸಲಿಲ್ಲ. “ಮೇಡಂ, ಮುಚ್ಚಿಡಬೇಡಿ ಅಂತ ಕಲಿಸಿದ್ದು ನೀವೇ. ಕಲಿತೆ. ಈಗ ಕಲಿತದ್ದೇ ತಪ್ಪಾ?” ಎಂದೆ. ದನಿ ಏರಿತ್ತು. ನನ್ನ ದನಿ ಏರಿದ್ದನ್ನು ನಿಮ್ಮಣ್ಣನೂ ಕೇಳಿದವರಲ್ಲ.

ಆ ಮೇಡಂ ಹುಡುಗಿ ಹಲಗೆಯನ್ನು ಬೋರಲು ಹಾಕಿ ನನ್ನ ಪಕ್ಕದ ಕುರ್ಚಿಗೆ ಬಂದು ಕೂತು, “ಅತ್ತೆ ಹೇಗಿದ್ರು ಆಂಟಿ?” ಎಂದಳು. ಆ ಮೆತ್ತಗಿನ ದನಿಯಲ್ಲಲ್ಲ, ಮನೆಯವರು ಕೇಳುವ ಹಾಗೆ. ಅವರ ಕಾಲಿನ ಬಗ್ಗೆ, ಅವರ ಬೈಗುಳದ ಬಗ್ಗೆ, ಅರ್ಧ ಹೆಜ್ಜೆಯ ಬಗ್ಗೆ ಹೇಳಿದೆ. ಕುಡಿಯಲು ಕೊಟ್ಟಿದ್ದ ಚಹಾ ಆರಿಹೋಯಿತು. ಕೊನೆಗೆ ಅವಳು ಸೂಪರ್‌ವೈಸರ್ ಕಡೆ ತಿರುಗಿ, ಇವರ ಮನಸ್ಸು ಕೆಟ್ಟಿಲ್ಲ ಸರ್, ಕಾಲು ಇನ್ನೂ ಅತ್ತೆಗೆ ಕಾಯ್ತಾ ಇದೆ ಅಷ್ಟೇ ಎಂದಳು. “ಕಾಲಿಗೆ ತರಬೇತಿ ಎಲ್ಲಿ ಕೊಡಿಸ್ಲಿ ನಾನು?” ಎಂದು ಅವರು ಹಣೆ ಚಚ್ಚಿಕೊಂಡರು. ಆದರೂ ಒಂದು ದಿನ ಮೇಜಿಗೆ ಬಿಟ್ಟರು. ಶೀಟು ಬಿದ್ದರೆ ಕಾಯಂ ಕೊಳೆ ಕೋಣೆ.

ಮೊದಲನೆಯದು ಬಿದ್ದೇಬಿಟ್ಟಿತು, ಪುಣ್ಯಕ್ಕೆ ಸೂಪರ್‌ವೈಸರ್ ಆಚೆ ತಿರುಗಿದ್ದರು. ಚೂಟಿ ಬಗ್ಗಿ ಎತ್ತಿಕೊಂಡು ಗುಟ್ಟಾಗಿ ಹೇಳಿದಳು: “ಅಕ್ಕಾ, ನಿಲ್ಲೋದಾದ್ರೆ ಹೇಳಿ ನಿಲ್ಲಿ. ನಾನೂ ನಿಲ್ತೀನಿ, ಅದಕ್ಕೇನಂತೆ.” ಅಷ್ಟೇ. ಕಾಲು ತಡೆಯುವ ಹೊತ್ತಿಗೆ ನಾನು ಉಸಿರು ಎಳೆದು “ಹ್ಞೂಂ” ಎನ್ನುತ್ತೇನೆ, ಅವಳು ನಿಲ್ಲುತ್ತಾಳೆ, ಶೀಟು ಬಿಗಿಯಾಗೇ ಇರುತ್ತದೆ, ಇಬ್ಬರೂ ಒಟ್ಟಿಗೆ ಮುಂದೆ ಬರುತ್ತೇವೆ. ಮತ್ತೆ ಬೀಳಲಿಲ್ಲ. ಈಗ ಮೇಜಿನಲ್ಲೇ ಇದ್ದೇನೆ.

ಆ ಉಸಿರು ಎಳೆಯುವುದನ್ನು ಮೇಡಂ ಹೇಳಿಕೊಟ್ಟದ್ದು. ನಿನ್ನ ಮುಂದೆ ಒಪ್ಪಿಕೊಳ್ಳಬಾರದು ಅಂದುಕೊಂಡಿದ್ದೆ. ಬಾಯ್ಲರಿನಾತನಿಗೂ ಒತ್ತಡದ ಮುಳ್ಳು ಏರಿದರೆ ಎದೆ ಹೊಡೆದುಕೊಳ್ಳುತ್ತಿತ್ತು, ಈಗ ಅದೇ ಉಸಿರಿನಿಂದ ತಡೆದುಕೊಳ್ಳುತ್ತಾನೆ. ಹಾಗಾಗಿ ಪಾಠವೆಲ್ಲ ದಂಡ ಎನ್ನಲಾರೆ. ಹಾಗಂತ ಅದು ನನ್ನ ಅತ್ತೆಯನ್ನು ಎಲೆ ಮಾಡಿ ತೇಲಿಸಿತು ಎಂದೂ ಅನ್ನಬೇಡ. ನಿನ್ನ ಅಮ್ಮ ಎಲೆಯಲ್ಲ.

ನಿನ್ನ ಪಾಠ ಎಷ್ಟು ಹತ್ತಿತು ಎಂದು ನನಗೂ ಅನುಮಾನವಿದೆ. ಫೋನಿನಲ್ಲಿ ‘ಅಮ್ಮ’ ಎಂದ ಕೂಡಲೇ ನಿನಗೆ ಮೀಟಿಂಗ್ ಬರುತ್ತದೆ. ಅವರು ಹೋದ ಮೇಲೆ ನೀನು ಮನೆಯಲ್ಲಿ ಕಾಲೂರಿ ಕೂತೇ ಇಲ್ಲ. ನೀನು ಯಾವ ಮುಖ ತೋರಿಸಿದೆ ಪುಟ್ಟಿ?

ಸಿಟ್ಟಿನಿಂದಲೇ, ನಿನ್ನ
ಅತ್ತಿಗೆ

ತಾ.ಕ.: ನೀಲಿ ಬೆಡ್‌ಶೀಟು ಮಡಚಿಟ್ಟೆ ಎಂದು ಮೇಲೆ ಬರೆದದ್ದು ಸುಳ್ಳು. ಒಗೆದದ್ದು ನಿಜ. ಅಂದಿನಿಂದ ಅತ್ತೆಯ ಕುರ್ಚಿಯ ಮೇಲೆ ಮುದ್ದೆಯಾಗಿ ಬಿದ್ದಿದೆ. ನಿಮ್ಮಣ್ಣ ದಿನಾ ಅದನ್ನು ನೋಡುತ್ತಾರೆ, ಟಿವಿ ಇನ್ನಷ್ಟು ಜೋರು ಮಾಡುತ್ತಾರೆ. ಒಬ್ಬಳೇ ಮಡಚಲು ನನಗೆ ಬರುವುದಿಲ್ಲವೆಂದಲ್ಲ. ನೀನು ಬಾ. ನಿನ್ನ ನಡಿಗೆ ಬಿರುಸು, ಗೊತ್ತು. ನಾನು “ಹ್ಞೂಂ” ಅಂದಾಗ ನಿಲ್ಲು, ಸಾಕು.